ಹೆಪ್ಪಿನ ಮದ್ದು

ಬೂದಿಕೋಟೆಯ ಮುನಿನಾರಾಯಣಮ್ಮ ಒಂಬತ್ತು ವರ್ಷದಿಂದ ದಿನಕ್ಕೆರಡು ಸಲ ತೋಳು ಚಾಚಿ ಸಕ್ಕರೆ ಕಾಯಿಲೆಯ ಸೂಜಿ ಚುಚ್ಚಿಸಿಕೊಳ್ಳುತ್ತಿದ್ದಳು. ಚುಚ್ಚುವವನು ಗಂಡ ಶ್ರೀರಾಮಪ್ಪ. ಇನ್ಸುಲಿನ್ ಬಾಟಲಿಗೆ ಕೊಟ್ಟಿಗೆಯ ಮೂಲೆಯ ಒದ್ದೆ ಮರಳಿನ ಮಡಕೆಯಲ್ಲಿ ವಾಸ; ಮನೆಯಲ್ಲಿ ಅದಕ್ಕಿಂತ ತಂಪಾದ ಜಾಗ ಇರಲಿಲ್ಲ.

೧೯೯೨ರ ಬೇಸಿಗೆಯಲ್ಲಿ, ಆಂಡರ್ಸನ್‌ಪೇಟೆಯ ಔಷಧಿ ಅಂಗಡಿಯ ಕುಪ್ಪುಸ್ವಾಮಿ ಯಾರೂ ಕೇಳದಿದ್ದರೂ ವಿದ್ಯಾದಾನ ಮಾಡಿದ: ಈ ಮದ್ದು ದನದ ಹೊಟ್ಟೆಯೊಳಗಿನ ಗ್ರಂಥಿಯಿಂದ ತೆಗೆದದ್ದು.

ಮನೆಗೆ ಬಂದ ಮುನಿನಾರಾಯಣಮ್ಮನಿಗೆ ಹಸು ಕೆಂಪಿಯ ಮುಖ ನೋಡಲಾಗಲಿಲ್ಲ.

"ದಿನಾ ಎದ್ದು ಇವಳಿಗೆ ಕೈ ಮುಗೀತೀನಿ. ಇವಳ ಜಾತಿಯೋರ ಒಟ್ಟೆ ಬಗೆದಿದ್ದನ್ನ ತೋಳಿಗೆ ಆಕ್ಕೊಳ್ಳಾದಾ? ಸಾಯ್ತೀನಿ, ಬುಡು."

ಸೂಜಿ ಬಿಟ್ಟ ಮೂರನೆಯ ದಿನ ಚೊಂಬುಗಟ್ಟಲೆ ನೀರು ಕುಡಿದರೂ ಅವಳ ನಾಲಿಗೆ ಒಣಗುತ್ತಿತ್ತು. ಹಾಲು ಕರೆಯಲು ಕೂತವಳಿಗೆ ಏಳಲಾಗಲಿಲ್ಲ. ಶ್ರೀರಾಮಪ್ಪ ಬಸ್ಸು ಹತ್ತಿದ. ಡಾಕ್ಟರು ಬೇರೆ ಚೀಟಿ ಬರೆದರು. ಕುಪ್ಪುಸ್ವಾಮಿ ಪ್ರಾಯಶ್ಚಿತ್ತವೆಂಬಂತೆ ವಿವರಿಸಿದ.

"ಇದು ಹೊಸದು ಅಣ್ಣಾ. ದನ ಇಲ್ಲೆ, ಹಂದಿ ಇಲ್ಲೆ. ಮನುಷ್ಯನ ಮೈಯಲ್ಲಿ ಇನ್ಸುಲಿನ್ ಮಾಡ್ಸೋ ಜೀನು ಇರುತ್ತಲ್ಲ, ಅದನ್ನ ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾ ಒಳಗೆ ಸೇರಿಸ್ತಾರೆ. ಅದು ಬೆಳೀತಾ ಬೆಳೀತಾ ಮದ್ದು ಮಾಡುತ್ತೆ. ಹಾಲಿಗೆ ಹೆಪ್ಪು ಹಾಕ್ದಂಗೆ, ತಿಳ್ಕೋ."

ಶ್ರೀರಾಮಪ್ಪನಿಗೆ ತಿಳಿದದ್ದು ಹೆಪ್ಪು ಮಾತ್ರ. ಹಾಲು ಮಾರುವವನಿಗೆ ಅಷ್ಟು ಸಾಕಿತ್ತು.

ಸಂಜೆ ಬಸ್ಸಿಳಿದು ಬಂದಾಗ ದೇವರ ಮುಂದೆ ದೀಪ ಉರಿಯುತ್ತಿತ್ತು. ಅವನು ಹೇಳಿದ್ದನ್ನು ಅವಳು ಮಲಗಿದಲ್ಲಿಂದಲೇ ಶ್ರದ್ಧೆಯಿಂದ ಕೇಳಿದಳು.

"ಎಪ್ಪಾ?"

"ಎಪ್ಪೇ ಕಣೇ. ಯಾವ ದನಾನೂ ಮುಟ್ಟಿಲ್ಲ."

"ದೀಪ ಅಚ್ಚಾಯ್ತಲ್ಲಯ್ಯಾ. ಈಗ ಎಪ್ಪು ಕೊಡಬಾರ್ದು, ಈಸ್ಕೋಬಾರ್ದು. ಲಕ್ಷ್ಮಿ ಒಂಟೋಯ್ತಾಳೆ. ಬೆಳಿಗ್ಗೆ ನೋಡಾನ."

ಕೇರಿಗೆಲ್ಲ ಹೆಪ್ಪು ಹಂಚುವ ಮನೆ ಅದು. ಮುಸ್ಸಂಜೆ ಕಳೆದು ಲೋಟ ಹಿಡಿದು ಬಂದವರನ್ನು ಇಪ್ಪತ್ತೈದು ವರ್ಷದಿಂದ ಅವಳು ಬರಿಗೈಯಲ್ಲಿ ಕಳಿಸಿದ್ದಳು. ಈಗ ತನಗೊಂದು ನ್ಯಾಯ, ಊರಿಗೊಂದು ನ್ಯಾಯ ಮಾಡುವ ಹೆಂಗಸಲ್ಲ.

ಶ್ರೀರಾಮಪ್ಪ ಅವಳ ಒಣಗಿದ ತುಟಿ ನೋಡಿದ. ಬೆಳಗಿನವರೆಗೆ ಕಾಯುವ ಧೈರ್ಯ ಅವನಿಗಿರಲಿಲ್ಲ, ವಾದಿಸಿ ಗೆದ್ದ ಅಭ್ಯಾಸವೂ ಇರಲಿಲ್ಲ. ದೇವರ ಮುಂದೆ ಹೋಗಿ, ಕೆನ್ನೆ ಬಡಿದುಕೊಂಡು, ಒಂದು ಕಣಗಿಲೆ ಹೂವಿನಿಂದ ಮೆಲ್ಲಗೆ ದೀಪ ಆರಿಸಿದ.

"ನೋಡು. ಇನ್ನೂ ಅಚ್ಚಿಲ್ಲ."

"ಥೂ, ಮೂದೇವಿ," ಎಂದಳು ಮುನಿನಾರಾಯಣಮ್ಮ. ಮೂರು ದಿನದ ಮೇಲೆ ನಗು ಬಂದಿತ್ತು. ಅಡುಗೆಮನೆಯ ಬಲ್ಬಿನ ಬೆಳಕಿನತ್ತ ತೋಳು ಚಾಚಿದಳು. "ಬೇಗ ಚುಚ್ಚು, ದೀಪ ಅಚ್ಚಬೇಕು. ಲಕ್ಷ್ಮಿ ಇನ್ನೂ ಬಾಗಿಲ ತಾವೇ ಇರ್ತಾಳೆ."