ಕಿರ್ಯಾಕಣ್ಣನ ಗಡಿಕಲ್ಲು

ಪುರಸಭೆಯ ಬಾಗಿಲು ತೆರೆಯುವ ಮುನ್ನ ಕಿರ್ಯಾಕ್ ಊರಿನ ಕೊನೆಯ ಗಡಿಕಲ್ಲಿನವರೆಗೆ ನಡೆದು, ಅದರ ನೆತ್ತಿಯ ಮೇಲೆ ಅಂಗೈಯಿಟ್ಟು, ಜ್ವರದ ಮಗುವಿನ ಹಣೆ ಮುಟ್ಟಿ ನೋಡುವವನಂತೆ ಒಂದು ಗಳಿಗೆ ನಿಂತು ಹಿಂದಿರುಗುತ್ತಿದ್ದ. ಹಿಮ ಬಿದ್ದ ದಿನವೂ, ಹೆಂಡತಿಯನ್ನು ಮಣ್ಣುಮಾಡಿದ ಮಾರನೆಯ ದಿನವೂ ಇದು ತಪ್ಪಲಿಲ್ಲ.

"ಏನಣ್ಣಾ, ಕಲ್ಲು ಮೊಟ್ಟೆ ಇಡ್ತಾ?" ಎಂದು ರೊಟ್ಟಿಯಂಗಡಿಯವನು ಕೆಣಕಿದರೆ, "ಅಲ್ಲೇ ಇದೆ ಕಣಯ್ಯಾ, ಸದ್ಯಕ್ಕೆ" ಎನ್ನುವನು.

ಆ 'ಸದ್ಯಕ್ಕೆ' ಅವನ ಪ್ರತಿ ಮಾತಿನ ಬಾಲ. ಅವನು ಹುಟ್ಟಿದಾಗ ಈ ಕಾಮೆನ್ ಬ್ರೊದ್ ತುರ್ಕಿ ಸುಲ್ತಾನನ ಊರು. ಮೀಸೆ ಮೂಡುವ ಹೊತ್ತಿಗೆ ಬಲ್ಗೇರಿಯದ ಊರು. ಒಂದು ಬೆಳಿಗ್ಗೆ ಏಳುವಷ್ಟರಲ್ಲಿ ತೊರೆಯ ನಡುವೆ ಗಡಿಯ ಗೆರೆ ಬಿದ್ದು, ಅಪ್ಪ ಹಿಂದಿನ ದಿನ ಬಿತ್ತಿದ್ದ ಹೊಲ ಪರದೇಶವಾಗಿತ್ತು. ಆಮೇಲೆ ಊರು ತಾಲ್ಲೂಕು ಕೇಂದ್ರವಾಯಿತು, ಹಳ್ಳಿಯಾಗಿ ಇಳಿಯಿತು, ಒಂದು ಜಿಲ್ಲೆಯಿಂದ ಇನ್ನೊಂದಕ್ಕೆ ಸೇರಿತು. ಗುಮಾಸ್ತ ಕಿರ್ಯಾಕ್ ಅಷ್ಟೂ ಕಾಲದ ಮೊಹರುಗಳನ್ನು ಒಂದೇ ಡ್ರಾಯರಿನಲ್ಲಿಟ್ಟು, ಅದರ ಬೀಗದಕೈಯನ್ನು ಕಂದು ಕೋಟಿನ ಒಳಜೇಬಿಗೆ ಹೊಲಿದುಕೊಂಡಿದ್ದ.

ಕಚೇರಿ ಗುಡಿಸುವ ಕೆರಾಳ ಮನೆ, ತೊರೆ ಬಾಗುವಲ್ಲಿ ಪವಿತ್ರ ಒರತೆಯ ಸುತ್ತಲಿದ್ದ ಏಳು ಮನೆಗಳಲ್ಲೊಂದು. ಕಮ್ಯುನಿಸ್ಟ್ ಸರ್ಕಾರ ಗಡಿಗೆ ಮುಳ್ಳುತಂತಿಯ ಬೇಲಿ ಹಾಕಿದಂದಿನಿಂದ ಅಲ್ಲಿಯವರು ದನಿ ತಗ್ಗಿಸಿ ಮಾತಾಡುವುದನ್ನು ಕಲಿತರು, ನಾಯಿಗಳೂ ಕಲಿತವು. ನೆರೆಯ ಹಳ್ಳಿಯವರನ್ನು ಲಾರಿಗೆ ತುಂಬಿ ಒಳನಾಡಿಗೆ ಸಾಗಿಸಿದಾಗ ಬೀನ್ಸ್ ಸಾರು ಒಲೆಯ ಮೇಲೆಯೇ ಸೀದುಹೋಗಿತ್ತು. ಎಲ್ಲಿ ಲಾರಿ ಕೆಮ್ಮಿದರೂ ಕೆರಾಳ ಕೈ ತಾನಾಗಿ ಸೊಂಟಕ್ಕೆ ಕಟ್ಟಿದ ಬಟ್ಟೆಯ ಮರೆಯಲ್ಲಿ ಶಿಲುಬೆಯ ಗುರುತು ಬರೆಯುತ್ತಿತ್ತು.

ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ಅವಳು ನೆಲ ಒರೆಸುತ್ತಿರುವಾಗಲೇ ಗಡಿಪಡೆಯ ಕ್ಯಾಪ್ಟನ್ ರಾಡುಲೊವ್ ಕಿರ್ಯಾಕನ ಮೇಜಿನ ಮೇಲೆ ನಕ್ಷೆ ಹರಡಿದ. ಬೇಲಿ ನೆಟ್ಟಗಾಗಬೇಕಂತೆ, ತೊರೆಯ ಬಾಗು ಬೇಲಿಯಾಚೆ ಹೋಗಬೇಕಂತೆ. ದಾಖಲೆ ಬಲ್ಲ ಗುಮಾಸ್ತ ಅಲ್ಲಿ 'ನಿರ್ಜನ' ಎಂದು ಬರೆದು ರುಜು ಹಾಕಿದರೆ ಮುಗಿಯಿತು. ಮಿಕ್ಕಿದ್ದು ಲಾರಿಗಳ ಕೆಲಸ. ಕೆರಾಳ ಒದ್ದೆ ಬಟ್ಟೆ ಒಂದೇ ಹಲಗೆಯ ಮೇಲೆ ನಿಂತುಬಿಟ್ಟಿತು.

"ನಿಮ್ಮ ಮಗಳು ಪ್ಲೊವ್ದಿವ್‌ನಿಂದ ಈ ಗಡಿ ಊರಿಗೆ ಬರೋಕೆ ಮೂರು ಸಲ ಪರವಾನಗಿ ಕೇಳಿದ್ಲಂತೆ, ಯಜಮಾನ್ರೇ. ತಾಯಿ ಸಮಾಧೀನೂ ನೋಡಿಲ್ಲವಂತೆ, ಪಾಪ." ಮೊಹರು ಬಿದ್ದ ಪರವಾನಗಿ ಹಾಳೆಯೊಂದು ಮೇಜಿನ ಮೇಲೆ ಜಾರಿ ಬಂತು. "ಬೇಡ ಅಂದ್ರೂ ಸರಿ. ಲಾರೀಲಿ ಇನ್ನೊಬ್ಬರಿಗೆ ಜಾಗ ಇದ್ದೇ ಇರುತ್ತೆ."

ಕಿರ್ಯಾಕನ ಬೆರಳು ಮಗಳ ಹೆಸರಿನ ಮೇಲೆ ನಿಂತದ್ದನ್ನು ಕೆರಾ ಕಂಡಳು. ಅವನು ಹಾಳೆಯನ್ನು ತನ್ನತ್ತ ಎಳೆದುಕೊಂಡಾಗ, ಒಪ್ಪಿಕೊಂಡನೆಂದೇ ಅವಳು ಕಣ್ಣು ಮುಚ್ಚಿದಳು.

ಗಡಿಯ ಊರುಗಳಲ್ಲಿ ಇಂಥವರಿರುತ್ತಾರೆ. ಅವರನ್ನು ಯಾರೂ ಧೀರರೆನ್ನುವುದಿಲ್ಲ. ಬಾಗಿಲು ಬಡಿದರೆ ಮೊದಲು ಬೆಚ್ಚುವವರು ಅವರೇ. ಗೆರೆ ಹೇಗೆ ಸರಿಯುತ್ತದೆಂದು ಕಂಡವರಾದ್ದರಿಂದ ಹೆದರುತ್ತಾರೆ. ಕಂಡವರಾದ್ದರಿಂದಲೇ ಅದನ್ನು ತಮ್ಮ ಕೈಯಾರೆ ಎಳೆಯಲಾರರು.

"ಏಳು ಮನೆ ಇವೆ, ಕಾಮ್ರೇಡ್ ಕ್ಯಾಪ್ಟನ್. ಇಪ್ಪತ್ತೊಂಬತ್ತು ಜನ ಇದ್ದಾರೆ."

ಕೆರಾ 'ಸದ್ಯಕ್ಕೆ'ಗಾಗಿ ಕಾದಳು. ಅದು ಬರಲಿಲ್ಲ.

ಅವನು ಹಾಳೆಯನ್ನು ನೆಟ್ಟಗೆ ಮಡಿಸಿ ಹಿಂದಕ್ಕೆ ಸರಿಸಿದ. "ಇದನ್ನ ನೀವೇ ಇಟ್ಕೊಳ್ಳಿ. ನನ್ನ ಮಗಳು ನಾಲ್ಕನೇ ಸಲ ಅರ್ಜಿ ಹಾಕ್ತಾಳೆ."