ಬೀಗರ ವೈನು

ಬೋರ್ದೋ ಪಟ್ಟಣದ ಎಂಟೇ ಮೇಜಿನ ಆ ಹೋಟೆಲಿಗೆ ನಮ್ಮನ್ನು ಕರೆಸಿದವರು ಬೀಗರು. ನನ್ನ ಮಗಳು ಒದಿಲ್ ಅವರ ಮಗ ತಿಬೋನನ್ನು ಮೆಚ್ಚಿದ್ದಳು. ಮದುವೆಗೆ ಮುಂಚೆ ಎರಡೂ ಮನೆಯವರು ಒಂದು ಮಧ್ಯಾಹ್ನ ಕೂತು ಉಣ್ಣಲಿ ಎಂದು ಈ ಏರ್ಪಾಡು. ನಾನು ಪೆರಿಗೋರಿನ ಹಳ್ಳಿಯಲ್ಲಿ ಬಾತುಕೋಳಿ ಸಾಕುವವಳು. ಇವರ ಬೆಳ್ಳಿ ಚಮಚಗಳ ಭಯ ನನಗಿರಲಿಲ್ಲ, ಒದಿಲ್‌ಗಿತ್ತು. ದಾರಿಯುದ್ದಕ್ಕೂ ನನ್ನ ಉಗುರುಗಳನ್ನೇ ನೋಡುತ್ತಿದ್ದಳು. ಸುಳ್ಳೇಕೆ ಹೇಳಲಿ, ನೋವಾಯಿತು.

ಬೀಗ ಆರ್ಮಾಂದ್ ವೈನ್ ವ್ಯಾಪಾರಿ. ತಿಬೋ ಹುಟ್ಟಿದ ವರ್ಷದ ಬಾಟಲಿಯೊಂದನ್ನು ತನ್ನ ನೆಲಮಾಳಿಗೆಯಿಂದಲೇ ತಂದಿದ್ದ. ವೈನು ಬಹಳ ಚೆನ್ನಾಗಿತ್ತು, ನಾಲಿಗೆಗೆ ದ್ರೋಹ ಮಾಡಲಾರೆ. ಅವನು ಅದರ ಗುಣಗಾನ ಮುಗಿಸುವ ಹೊತ್ತಿಗೆ ಪಿಂಗಾಣಿ ಬೋಗುಣಿಗಳಲ್ಲಿ ಬೆಳ್ಳುಳ್ಳಿ ಸೂಪು ಬಂತು. ನಮ್ಮ ಮನೆಯದಕ್ಕಿಂತ ತುಸು ತೆಳ್ಳಗಿತ್ತು.

ಸೂಪು ಮುಗಿಯುತ್ತ ಬಂದಾಗ ಅವನಿಗೆ ತಮಾಷೆ ಹೊಳೆಯಿತು.

“ಬೀಗ್ರೇ, ನಿಮ್ಮ ಕಡೆ ಮಿಕ್ಕಿದ ಸೂಪಿಗೆ ವೈನ್ ಸುರ್ಕೊಂಡು, ಬೋಗುಣಿ ಎತ್ತಿ ಕುಡೀತಾರಂತಲ್ಲ, ಹಸು ಮುಸುರೆ ಕುಡಿದ ಹಾಗೆ?”

ತಿಬೋ ತಲೆ ತಗ್ಗಿಸಿದ. ಬೀಗಿತ್ತಿ ನಕ್ಕಳು. ಒದಿಲ್ ಕೂಡ ನಕ್ಕಳು. ಬೀಗರ ನಗು ನನಗೆ ಲೆಕ್ಕಕ್ಕಿಲ್ಲ, ಮಗಳ ನಗು ಕರುಳಿಗೆ ತಾಗಿತು. ಅವಳಪ್ಪ ಸಾಯುವ ಹಿಂದಿನ ದಿನವೂ ಹಾಗೆಯೇ ಕುಡಿದವನು. ಚಿಕ್ಕಂದಿನಲ್ಲಿ ಇವಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ಒಂದೇ ಒಂದು ಹನಿ ವೈನ್ ಹಾಕಿ, ಅದನ್ನು ಕಲಿಸಿದವನೂ ಅವನೇ.

ನನ್ನ ಬೋಗುಣಿಯ ತಳದಲ್ಲಿ ಎರಡು ಚಮಚ ಸೂಪು ಉಳಿದಿತ್ತು. ಗ್ಲಾಸಿನಲ್ಲಿದ್ದ ವೈನನ್ನು ಅಷ್ಟೂ ಅದಕ್ಕೆ ಸುರಿದೆ, ಒಂದು ಸುತ್ತು ಅಲ್ಲಾಡಿಸಿದೆ, ಎರಡೂ ಕೈಯಲ್ಲಿ ಎತ್ತಿ ಗಟಗಟ ಕುಡಿದೆ. ಪಕ್ಕದ ಮೇಜಿನವರ ಮಾತು ನಿಂತಿತು. ನಿಲ್ಲಲಿ.

ಬೀಗನ ಮುಖ ಕೆಂಪಾಯಿತು. “ಅದು ಮೂವತ್ತು ವರ್ಷ ಕಾದ ವೈನು,” ಎಂದ.

“ಕಾದಿದ್ದಕ್ಕೆ ಒಳ್ಳೆ ಸೂಪು ಸಿಕ್ತು ಬಿಡಿ,” ಎಂದೆ.

ಬೀಗಿತ್ತಿ ನನ್ನನ್ನು ಬಿಟ್ಟು ಒದಿಲ್ ಕಡೆ ತಿರುಗಿದಳು. ನೀನೂ ಹೀಗೇ ಕುಡೀತೀಯೇನಮ್ಮ ಎಂದು ಬೆಣ್ಣೆಯಲ್ಲಿ ಕೂದಲು ತೆಗೆದಷ್ಟು ನಯವಾಗಿ ಕೇಳಿದಳು. ಇಲ್ಲ ಎಂದುಬಿಟ್ಟರೆ ಮಗಳು ಅವರವಳು, ನಾನು ಹೊರಗಿನವಳು. ನನ್ನ ಜಂಬವೆಲ್ಲ ಇಳಿಯಿತು.

ಅಷ್ಟರಲ್ಲಿ ಬಡಿಸುವವ ಬಂದು ಒದಿಲ್ ಮುಂದಿನ ಬೋಗುಣಿ ತೆಗೆಯಲು ಕೈ ಚಾಚಿದ. ಅವಳು ಅಂಗೈ ಅಡ್ಡ ಇಟ್ಟಳು. ಆಗ ನೋಡಿದೆ, ಅದರ ತಳದಲ್ಲೂ ಎರಡು ಚಮಚ ಸೂಪು ಹಾಗೇ ಇತ್ತು.

“ಇರಲಿ, ಇನ್ನೂ ಮುಗಿದಿಲ್ಲ,” ಎಂದವಳು ಬೋಗುಣಿಯನ್ನು ಎತ್ತಿ ಆರ್ಮಾಂದನ ಮುಂದೆ ಹಿಡಿದಳು. “ಮಾವ, ಇದಕ್ಕೊಂದಿಷ್ಟು ವೈನ್ ಹಾಕಿ.”

ಅವನು ಹಾಕುವವರೆಗೂ ಅವಳು ಅದನ್ನು ಕೆಳಗಿಳಿಸಲಿಲ್ಲ.