ಸಕ್ಕರೆಯಿಲ್ಲದ ಮನೆ

ನಾನು ಡ್ರೈವಿಂಗ್ ಶಾಲೆಯಲ್ಲಿ ಕಲಿಸುವವಳು. ಬ್ರೇಕ್ ಯಾವುದು, ಕ್ಲಚ್ ಯಾವುದು ಗೊತ್ತಿಲ್ಲದವರ ಪಕ್ಕ ಕೂತು, ಎದುರಿನಿಂದ ಲಾರಿ ಬರುವುದನ್ನು ನೋಡುತ್ತಿರುವುದೇ ನನ್ನ ಹೊಟ್ಟೆಪಾಡು. ಹಾಗಾಗಿ ಅಷ್ಟು ಸುಲಭಕ್ಕೆ ಹೆದರುವ ಪೈಕಿ ಅಲ್ಲ. ಆದರೆ ಅಪ್ಪ ಅಮ್ಮನ ಮದುವೆಗೆ ಐವತ್ತು ವರ್ಷ ತುಂಬಿದ ದಿನ ಹೆದರಿದ ಹಾಗೆ ಜನ್ಮದಲ್ಲಿ ಹೆದರಿಲ್ಲ.

ಅಪ್ಪ ಬಡಗಿ. ಈಗಲೂ ಹಿಂದಿನ ಕೋಣೆಯಲ್ಲಿ ಮುರಿದ ಕುರ್ಚಿಗಳನ್ನು ಹರಡಿಕೊಂಡು, ಸುತ್ತಿಗೆಯ ಸದ್ದಿಗೆ ಮೇಲಿನ ಮನೆಯವರ ಕೈಲಿ ಬೈಸಿಕೊಂಡು ಹಾಯಾಗಿದ್ದಾನೆ. ಅವನಿಗೆ ಸಕ್ಕರೆ ಕಾಯಿಲೆ, ದಿನಾ ಇನ್ಸುಲಿನ್ ಚುಚ್ಚಿಕೊಳ್ಳಬೇಕು. ಸಿಹಿಯ ವಿಷಯ ಬಂದರೆ ಮಾತ್ರ ಶುದ್ಧ ಕಳ್ಳ. ಅಕ್ಕನ ಮಗಳ ಹುಟ್ಟುಹಬ್ಬದಲ್ಲಿ ಬಾಗಿಲ ಹಿಂದೆ ನಿಂತು ತಿಂದಿದ್ದೇ ತಿಂದಿದ್ದು, ಮಾರನೆಯ ದಿನ ಆಸ್ಪತ್ರೆ ಸೇರಿದ್ದ. ಅಲ್ಲಿಂದ ಮುಂದೆ ಅಕ್ಕ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾಯತೊಡಗಿದಳು.

ಅಕ್ಕನಿಗೆ ನಾವಿಟ್ಟ ಹೆಸರು ಕಲೆಕ್ಟರ್. ಅವಳ ಬಾಯಿಂದ ಬಂದದ್ದೆಲ್ಲ ಆರ್ಡರ್. ಈ ಸಲ ಅಡುಗೆಯೆಲ್ಲ ತನ್ನದೇ ಅಂತ ಆರ್ಡರ್ ಹೊರಡಿಸಿ, ಹಿಂದಿನ ದಿನವೇ ಬಂದು ಅಮ್ಮನ ಅಡುಗೆಮನೆ ಜಾಲಾಡಿದಳು. ಸಕ್ಕರೆ, ಬೆಲ್ಲ, ಜೇನುತುಪ್ಪ, ಜಾಮ್, ಬಿಸ್ಕತ್ತು, ಸಿಕ್ಕಿದ್ದನ್ನೆಲ್ಲ ಚೀಲಕ್ಕೆ ತುಂಬಿ ಭಾವನ ಕೈಲಿ ತಮ್ಮ ಮನೆಗೆ ಸಾಗಿಸಿದಳು.

"ನನ್ನ ಕಾಫಿಗೆ?" ಅಂದಳು ಅಮ್ಮ.

"ಒಂದಿನ ಸಪ್ಪೆ ಕುಡಿದ್ರೆ ಯಾರೂ ಸಾಯಲ್ಲಮ್ಮ."

ಆ ಮಾತು ನೆನೆಸಿಕೊಂಡರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಊಟಕ್ಕೆ ಸ್ವಲ್ಪ ಮುಂಚೆ ಹೊಸ ಅಂಗಿ ಕೊಡೋಣ ಅಂತ ಅಪ್ಪನ ಕೋಣೆಗೆ ಹೋದೆ. ಮಂಚದ ಮೇಲೆ ಕೂತು ಇನ್ಸುಲಿನ್ ಪೆನ್ನಿನ ತುದಿ ತಿರುಗಿಸುತ್ತಿದ್ದ. ಟಕ್ ಟಕ್ ಅಂತ ಅಂಕಿ ಏರುತ್ತಲೇ ಇತ್ತು.

"ಅಷ್ಟ್ಯಾಕಪ್ಪ?"

"ಕೇಕ್ ಮಾಡಿದಾಳಲ್ಲ ನಿಮ್ಮಕ್ಕ. ಮರ ಕೊಯ್ಯುವಾಗ ಅಳತೆಗಿಂತ ಒಂದು ನೂಲು ಜಾಸ್ತೀನೇ ಬಿಟ್ಕೊಂಡು ಕೊಯ್ಯೋದು. ಹೆಚ್ಚಾದ್ರೆ ಕೆತ್ತಬಹುದು, ಕಮ್ಮಿಯಾದ್ರೆ ಅಂಟಿಸೋಕಾಗುತ್ತಾ? ಇದೂ ಹಂಗೇ."

"ಡಾಕ್ಟರ್ ಹೇಳಿದ್ರಾ?"

"ಡಾಕ್ಟರ್ ಯಾವತ್ತು ಮರ ಕೊಯ್ದಿದಾರೆ? ಕಲೆಕ್ಟರ್ ಹತ್ರ ಬಾಯಿ ಬಿಡಬೇಡ."

ನಾನು ನಕ್ಕೆ. ಹೇಗೂ ಕೇಕ್ ತಿನ್ನದೆ ಬಿಡುವ ಆಸಾಮಿ ಅಲ್ಲ, ಔಷಧಿ ಒಂಚೂರು ಮುಂದಿದ್ದರೆ ಒಳ್ಳೆಯದೇ ಅಂದುಕೊಂಡು ಬಾಯಿಗೆ ಬೀಗ ಹಾಕಿಕೊಂಡೆ.

ಮೇಜಿನ ಮೇಲೆ ಎಲ್ಲಿ ನೋಡಿದರೂ ತರಕಾರಿ, ಸೊಪ್ಪು, ಮೊಟ್ಟೆ, ಮೊಳಕೆ ಕಾಳು. ಅನ್ನವಿಲ್ಲ, ಆಲೂಗಡ್ಡೆ ಕೂಡ ಇಲ್ಲ. ಕುದುರೆ ಲಾಯಕ್ಕೆ ಬಂದ ಹಾಗಿದೆ ಅಂತ ಭಾವ ಗೊಣಗಿ, ಅಕ್ಕನ ಕಣ್ಣು ನೋಡಿ ತೆಪ್ಪಗಾದರು. ಕೊನೆಗೆ ಕೇಕ್ ಬಂತು. ಅಕ್ಕ ತಾನೇ ದೊಡ್ಡ ತುಂಡು ಕತ್ತರಿಸಿ ಅಪ್ಪನ ತಟ್ಟೆಗೆ ಹಾಕಿ, "ತಿನ್ನಪ್ಪ, ಇವತ್ತು ನಾನು ಬೈಯಲ್ಲ" ಅಂದಳು. ಅಪ್ಪ ಬಾಯಿಗಿಟ್ಟುಕೊಂಡು ನಿಧಾನವಾಗಿ ಅಗಿದ. ಅಕ್ಕನ ಮುಖ ನೋಡಿದ.

"ಬಹಳ ಚೆನ್ನಾಗಿದೆ ಕಣೇ. ಇನ್ನೊಂದು ಹಾಕು."

ಅಕ್ಕನ ಮುಖ ಅರಳಿತು. ಇಷ್ಟು ಸಲೀಸಾಗಿ ಕಲೆಕ್ಟರ್ ಕರಗಿದ್ದು ಹೇಗೆ ಅಂತ ನನಗೆ ಆಶ್ಚರ್ಯವಾಯಿತು, ಆದರೆ ಕೇಳಲಿಲ್ಲ.

ಫೋಟೋಗೆ ಎಲ್ಲರನ್ನೂ ನಿಲ್ಲಿಸುವಾಗ ಅಪ್ಪನ ಕಾಲರ್ ಒದ್ದೆಯಾಗಿರುವುದು ಕಂಡಿತು. ಫ್ಯಾನ್ ಜೋರಾಗಿಯೇ ತಿರುಗುತ್ತಿತ್ತು. ಬಿಚ್ಚಿಹೋಗಿದ್ದ ಅಂಗಿಯ ಗುಂಡಿ ಹಾಕಿಕೊಳ್ಳಲು ಹೋಗಿ ಹೋಗಿ ಬೆರಳು ಜಾರುತ್ತಿತ್ತು. ಕೂದಲೆಳೆ ಅಗಲದ ಗೆರೆ ಎಳೆಯುವ ಕೈ ಅದು.

"ಸ್ಕೇಲ್ ಎಲ್ಲಿ? ಯಾರು ತಗೊಂಡ್ರಿ?" ಅಂದ.

"ಯಾವ ಸ್ಕೇಲ್ ರೀ?" ಅಂತ ಅಮ್ಮ ಅವನ ತೋಳು ಹಿಡಿದಳು.

ಅಪ್ಪ ಕೈ ಕೊಡವಿದ. ಅವಳನ್ನೇ ದಿಟ್ಟಿಸಿ, "ಯಾರು ನೀನು?" ಅಂತ ಕೂಗಿದ.

ಅಮ್ಮನ ಬಾಯಿ ತೆರೆದದ್ದು ತೆರೆದ ಹಾಗೇ ಉಳಿಯಿತು.

"ಶುಗರ್ ಏರಿದೆ!" ಅಕ್ಕ ಓಡಿ ಬಂದಳು. "ಏನೋ ಕದ್ದು ತಿಂದಿದಾನೆ. ನೀರು ಕುಡಿಸಿ, ನಡೆಸಿ." ಅವನನ್ನು ಎಳೆದುಕೊಂಡು ಎರಡು ಹೆಜ್ಜೆ ನಡೆಸಿದ್ದಳೋ ಇಲ್ಲವೋ, ಅಪ್ಪ ಮಂಡಿಯೂರಿ ಕುಸಿದ.

ಟಕ್ ಟಕ್ ಅನ್ನುವ ಸದ್ದು ನನ್ನ ತಲೆಯಲ್ಲಿ ಶುರುವಾಯಿತು.

"ಏರಿಲ್ಲ ಅಕ್ಕಾ, ಇಳಿದಿದೆ! ಇನ್ಸುಲಿನ್ ಜಾಸ್ತಿ ತಗೊಂಡಿದಾನೆ. ಕೇಕ್ ತಿಂತೀನಿ ಅಂತ."

"ಎರಡು ತುಂಡು ತಿಂದ್ರಲ್ಲೇ?" ಅಂತ ಅಮ್ಮ ಅಳತೊಡಗಿದಳು.

ಅಕ್ಕ ಮೇಜಿನ ಮೇಲೆ ಉಳಿದ ಕೇಕಿನ ಕಡೆ ನೋಡಿದಳು. ಅವಳ ಮುಖದಲ್ಲಿ ರಕ್ತವೇ ಇರಲಿಲ್ಲ. ಕೊನೆಗೆ ಭಾವನೇ ಹೇಳಿದರು. "ಅದ್ರಲ್ಲಿ ಸಕ್ಕರೆ ಇಲ್ಲ. ಬಾದಾಮಿ ಪುಡಿ, ಮತ್ತೆ ಸಕ್ಕರೆ ಬದಲಿಗೆ ಹಾಕ್ತಾರಲ್ಲ, ಆ ಪುಡಿ. ಗೊತ್ತಾದ್ರೆ ಮಾವ ಮುಟ್ಟಲ್ಲ ಅಂತ ಯಾರಿಗೂ ಹೇಳಿರ್ಲಿಲ್ಲ."

ಬೆರಳು ಚುಚ್ಚಿ ಮೀಟರ್ ನೋಡಿದೆವು. ನೂರರ ಆಸುಪಾಸು ಇರಬೇಕಾದದ್ದು ನಲವತ್ತೂ ಇರಲಿಲ್ಲ. ಭಾವ ಆಂಬುಲೆನ್ಸಿಗೆ ಫೋನ್ ಹಚ್ಚಿದರು. ನಾನು ಅಡುಗೆಮನೆಗೆ ಓಡಿ ಒಂದೊಂದೇ ಡಬ್ಬಿ ತೆರೆದೆ. ಉಪ್ಪು. ಮೆಣಸು. ಬೇಳೆ. ಫ್ರಿಜ್ಜಿನಲ್ಲಿ ಸೌತೆಕಾಯಿ. ಅಕ್ಕ ಯಾವ ಕೆಲಸವನ್ನೂ ಅರ್ಧಂಬರ್ಧ ಮಾಡಿದವಳಲ್ಲ. ಹಿಂದಿನಿಂದ ಅಮ್ಮ "ರೀ, ರೀ" ಅಂತ ಕರೆಯುತ್ತಲೇ ಇದ್ದಳು.

ಎದುರು ಮನೆಗೆ ಬೀಗ. ಮೆಟ್ಟಿಲು ಹತ್ತಿ ಮೇಲಿನ ಮನೆಯ ಬಾಗಿಲನ್ನು ಎರಡೂ ಕೈಯಿಂದ ಬಡಿದೆ. ಅಪ್ಪನ ಸುತ್ತಿಗೆಗೆ ಶಾಪ ಹಾಕುವ ಆಸಾಮಿ ಹುಬ್ಬು ಗಂಟಿಕ್ಕಿಕೊಂಡೇ ಬಾಗಿಲು ತೆರೆದ.

"ಸಕ್ಕರೆ ಕೊಡಿ!"

"ಏನ್ರೀ ಇದು, ಸಾಲ ಕೇಳೋ ರೀತಿನಾ ಇದು?"

"ನಮ್ಮಪ್ಪ ಸಾಯ್ತಿದಾನೆ, ಸಕ್ಕರೆ ಕೊಡ್ರೀ!"

ಅವನು ಒಳಗೆ ಓಡಿ ಡಬ್ಬಿಯನ್ನೇ ತಂದು ನನ್ನ ಕೈಗೆ ತುರುಕಿ, ನನ್ನ ಹಿಂದೆಯೇ ಬರಿಗಾಲಲ್ಲಿ ಇಳಿದು ಬಂದ.

ಅಪ್ಪನನ್ನು ಒಂದು ಪಕ್ಕಕ್ಕೆ ಮಲಗಿಸಿದ್ದರು. ಕಣ್ಣು ಅರೆ ತೆರೆದಿತ್ತು, ನೋಟ ಇರಲಿಲ್ಲ. ಹಲ್ಲು ಕಚ್ಚಿಕೊಂಡಿದ್ದ. ಆಂಬುಲೆನ್ಸಿನವರು ಫೋನಿನಲ್ಲಿ, ನೀರು ಹುಯ್ಯಬೇಡಿ, ನೆತ್ತಿಗೇರುತ್ತೆ, ಕೆನ್ನೆಯ ಒಳಗೆ ಸವರಿ ಅನ್ನುತ್ತಿದ್ದರು. ಅಕ್ಕ ನನ್ನ ಕೈಯಿಂದ ಡಬ್ಬಿ ಕಿತ್ತುಕೊಂಡಳು. ಬೆರಳು ಒದ್ದೆ ಮಾಡಿ, ಸಕ್ಕರೆಯಲ್ಲಿ ಅದ್ದಿ, ಅಪ್ಪನ ತುಟಿ ಸರಿಸಿ ಒಸಡಿಗೆ ಸವರಿದಳು. ಮತ್ತೆ ಅದ್ದಿದಳು, ಮತ್ತೆ ಸವರಿದಳು. ಸಕ್ಕರೆ ಅವನ ಗದ್ದದ ಮೇಲೆ, ಹೊಸ ಅಂಗಿಯ ಮೇಲೆ, ನೆಲದ ಮೇಲೆ ಚೆಲ್ಲಿತು. ಇಷ್ಟೇನಾ, ಹೀಗೇನಾ ಮುಗಿಯುವುದು ಅಂತ ನನಗೆ ಅನ್ನಿಸಿದ್ದು ಆವಾಗಲೇ.

ಎಷ್ಟು ಹೊತ್ತಾಯಿತೋ, ಅಪ್ಪನ ಗಂಟಲು ಅಲುಗಿತು. ಹಲ್ಲು ಸಡಿಲವಾಯಿತು. ನಾಲಿಗೆ ಹೊರಗೆ ಬಂದು ತುಟಿಯ ಮೇಲಿನ ಸಕ್ಕರೆ ಹುಡುಕಿತು. ಕಣ್ಣು ಸುತ್ತಾಡಿ, ಅಮ್ಮನ ಮೇಲೆ ನಿಂತಿತು. ಅಪ್ಪ ಅವಳ ಹೆಸರು ಹಿಡಿದು ಕರೆದ. ಅಮ್ಮ ಅವನ ಪಾದ ಹಿಡಿದುಕೊಂಡು ಜೋರಾಗಿ ಅತ್ತಳು.

"ಈ ಬೆರಳಲ್ಲಿರೋದು ಸಕ್ಕರೆ," ಅಂದ ಅಪ್ಪ ಅಕ್ಕನಿಗೆ. ಮಾತು ಇನ್ನೂ ತೊದಲುತ್ತಿತ್ತು. "ನಿನ್ನ ಕೇಕಲ್ಲಿ ಇರ್ಲಿಲ್ಲ. ಮೊದಲ್ನೇ ತುತ್ತಿಗೇ ಗೊತ್ತಾಯ್ತು."

"ಗೊತ್ತಾಯ್ತಾ?" ಅಕ್ಕನ ಕೈ ಗಾಳಿಯಲ್ಲೇ ನಿಂತಿತು. "ಮತ್ತೆ ಯಾಕಪ್ಪ ಹೇಳಲಿಲ್ಲ?"

"ನೀನು ಅಷ್ಟು ಕಷ್ಟಪಟ್ಟು ಮಾಡಿದ್ದೆ. ನಿಂಗೆ ಬೇಜಾರಾಗುತ್ತೆ ಅಂತ."

ಅಕ್ಕ ಅಳಲಿಲ್ಲ, ಬೈಯಲೂ ಇಲ್ಲ. ಮತ್ತೊಂದು ಸಲ ಬೆರಳನ್ನು ಡಬ್ಬಿಗೆ ಅದ್ದಿ, "ಬಾಯಿ ತೆಗಿ," ಅಂದಳು. ಸಕ್ಕರೆ ಅವನ ಬಾಯಿಗೆ ತಲುಪದೆ ಅಂಗಿಯ ಮೇಲೇ ಉದುರಿತು.